ಹೆಸರಿಲ್ಲದ ಬರಹಕ್ಕೆ ತೆರೆಯುವ ಬಾಗಿಲು

ಮೈಸೂರು ನಗರದಲ್ಲಿ ಸ್ಪರ್ಧೆಗಳಿಗೆ ಎಂದೂ ಕೊರತೆಯಿಲ್ಲ. ದಸರೆ ಬಂದಿತೆಂದರೆ ಕುಸ್ತಿಯಿಂದ ರಂಗವಲ್ಲಿಯವರೆಗೆ ತೋಳಿನ ಬಲವನ್ನೂ ಕೈಯ ಚಳಕವನ್ನೂ ಒರೆಗೆ ಹಚ್ಚುವ ಏರ್ಪಾಡುಗಳು ನಡೆಯುತ್ತವೆ. ಕಾಲೇಜುಗಳಲ್ಲಂತೂ ಚರ್ಚಾಸ್ಪರ್ಧೆ, ಪ್ರಬಂಧಸ್ಪರ್ಧೆ, ಆಶುಭಾಷಣ ಸ್ಪರ್ಧೆ ಎಂದು ವರ್ಷವಿಡೀ ಸಂಭ್ರಮ. ಗೆದ್ದವರಿಗೆ ಒಂದು ಬಟ್ಟಲೋ, ಒಂದೆರಡು ಪುಸ್ತಕಗಳೋ, ಏನಿಲ್ಲವೆಂದರೂ ಒಂದು ಪ್ರಶಸ್ತಿಪತ್ರವೋ ದೊರೆಯುತ್ತದೆ. ಅಲ್ಲಿಗೆ ಆ ಕಥೆ ಮುಗಿಯಿತು. ಆದರೆ ಬಟ್ಟಲನ್ನೂ ಕೊಡದೆ, ಪುಸ್ತಕವನ್ನೂ ಕೊಡದೆ, ಗೆದ್ದವರಿಗೆ ಸಂಬಳವಿಲ್ಲದ ದುಡಿಮೆಯನ್ನೇ ಬಹುಮಾನವಾಗಿ ಕೊಡುವ ಸ್ಪರ್ಧೆಯೊಂದುಂಟು. ಅದರಲ್ಲಿ ಗೆಲ್ಲಬೇಕೆಂದು ವಿದ್ಯಾರ್ಥಿಗಳು ಊಟ ನಿದ್ರೆಗಳನ್ನು ಬಿಟ್ಟು ಹೆಣಗುವುದೂ ಉಂಟು. ಕಾನೂನು ಶಾಲೆಗಳಲ್ಲಿ ವಿದ್ಯಾರ್ಥಿಗಳೇ ನಡೆಸುವ ನ್ಯಾಯಶಾಸ್ತ್ರ ಪತ್ರಿಕೆಗಳ ಸಂಪಾದಕ ಮಂಡಲಿಗೆ ಸೇರಲು ನಡೆಯುವ ಬರವಣಿಗೆಯ ಸ್ಪರ್ಧೆಯೇ ಅದು.

ಇದು ಹೊರಗಿನವರಿಗೆ ಕೊಂಚ ವಿಚಿತ್ರವಾಗಿಯೇ ಕಾಣುತ್ತದೆ. ವೈದ್ಯಕೀಯದಲ್ಲಿ, ಭೌತಶಾಸ್ತ್ರದಲ್ಲಿ, ಇತಿಹಾಸದಲ್ಲಿ ವಿದ್ವತ್ಪತ್ರಿಕೆಗಳನ್ನು ನಡೆಸುವವರು ತಲೆ ನರೆತ ಪಂಡಿತರು. ಅವರು ಒಪ್ಪಿದ ಲೇಖನ ಅಚ್ಚಾಗುತ್ತದೆ, ಒಪ್ಪದ ಲೇಖನ ಹಿಂದಿರುಗುತ್ತದೆ. ಕಾನೂನಿನ ಲೋಕದಲ್ಲಿ ಮಾತ್ರ ಅನೇಕ ಕಡೆ ಈ ವ್ಯವಸ್ಥೆ ತಲೆಕೆಳಗಾಗಿದೆ. ಇಲ್ಲಿ ಪ್ರಾಧ್ಯಾಪಕರು ಬರೆಯುತ್ತಾರೆ, ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳು ಅದನ್ನು ತಿದ್ದುತ್ತಾರೆ. ನ್ಯಾಯಾಧೀಶರು ತೀರ್ಪು ಕೊಡುತ್ತಾರೆ, ಇನ್ನೂ ಸನ್ನದು ಪಡೆಯದ ಹುಡುಗರು ಹುಡುಗಿಯರು ಆ ತೀರ್ಪಿನ ಗುಣದೋಷಗಳನ್ನು ಎತ್ತಿ ಆಡುತ್ತಾರೆ. ಗುರುವಿಗೆ ತಿರುಮಂತ್ರ ಹೇಳುವುದೆಂದರೆ ಇದೇ ಇರಬೇಕು.

ಒಂದು ಲೇಖನದ ದೀರ್ಘ ಪ್ರಯಾಣ

ಈ ಪದ್ಧತಿ ಬೇರೂರಿದ್ದು ಅಮೆರಿಕದಲ್ಲಿ. ೧೮೮೭ರ ಏಪ್ರಿಲ್ ತಿಂಗಳಲ್ಲಿ ಹಾರ್ವರ್ಡಿನ ಕಾನೂನು ಶಾಲೆಯ ಕೆಲವು ವಿದ್ಯಾರ್ಥಿಗಳು ‘ಹಾರ್ವರ್ಡ್ ಲಾ ರಿವ್ಯೂ’ ಎಂಬ ಪತ್ರಿಕೆಯ ಮೊದಲ ಸಂಚಿಕೆಯನ್ನು ಹೊರತಂದರು. ಅದಕ್ಕೂ ಮುನ್ನ ಇಂಥ ಒಂದೆರಡು ಯತ್ನಗಳು ನಡೆದಿದ್ದರೂ ಅವು ಬಾಳಲಿಲ್ಲ; ಇದು ಬಾಳಿತು. ಮುಂದೆ ಸಾಕ್ಷ್ಯಶಾಸ್ತ್ರದ ಮೇಲೆ ಬರೆದು ನಮ್ಮ ದೇಶದ ವಕೀಲರಿಗೂ ಪರಿಚಿತನಾದ ಜಾನ್ ಹೆನ್ರಿ ವಿಗ್ಮೋರ್ ಆ ಮೊದಲ ತಂಡದಲ್ಲಿದ್ದ ಒಬ್ಬ ವಿದ್ಯಾರ್ಥಿ. ಅದೇ ಶಾಲೆಯಲ್ಲಿ ಕಲಿತು ವಕೀಲಿ ಹಿಡಿದಿದ್ದ ಲೂಯಿ ಬ್ರಾಂಡೈಸ್ ಹಣಕಾಸಿನ ವಿಷಯದಲ್ಲಿ ಈ ಹುಡುಗರ ಬೆನ್ನಿಗೆ ನಿಂತಿದ್ದನು.

ಪತ್ರಿಕೆ ಹುಟ್ಟಿ ಮೂರು ವರ್ಷಗಳಾದ ಮೇಲೆ, ೧೮೯೦ರ ಡಿಸೆಂಬರಿನಲ್ಲಿ, ಬ್ರಾಂಡೈಸನೂ ಅವನ ಗೆಳೆಯ ಸ್ಯಾಮ್ಯುಯೆಲ್ ವಾರೆನ್ನನೂ ಕೂಡಿ ಅದರಲ್ಲಿ ಒಂದು ಲೇಖನ ಬರೆದರು. ಕೈಯಲ್ಲಿ ಹಿಡಿದು ಓಡಾಡುವ ಕ್ಯಾಮೆರಾ ಆಗತಾನೆ ಬಂದಿತ್ತು; ಮನೆಮಾತನ್ನು ಬೀದಿಗೆ ತರುವ ಪತ್ರಿಕೆಗಳು ಹೆಚ್ಚಿದ್ದವು. ಹೀಗಿರಲು ಮನುಷ್ಯನಿಗೆ ತನ್ನ ಪಾಡಿಗೆ ತಾನಿರುವ ಹಕ್ಕೊಂದಿದೆ, ಕಾನೂನು ಅದನ್ನು ಕಾಪಾಡಬೇಕು ಎಂಬುದು ಆ ಲೇಖನದ ವಾದ. ಅಂದಿನ ಯಾವ ಶಾಸನದಲ್ಲಿಯೂ ಆ ಹಕ್ಕಿಗೆ ಹೆಸರಿರಲಿಲ್ಲ. ಹಳೆಯ ತೀರ್ಪುಗಳ ನಡುವೆ ಹರಡಿಕೊಂಡಿದ್ದ ಎಳೆಗಳನ್ನು ಹೆಕ್ಕಿ, ಕೂಡಿಸಿ, ಹೆಸರಿಟ್ಟವರು ಈ ಇಬ್ಬರು. ಅದಕ್ಕೆ ಜಾಗ ಕೊಟ್ಟವರು ವಿದ್ಯಾರ್ಥಿ ಸಂಪಾದಕರು.

ಆ ಲೇಖನ ಮುಂದೆ ಮೈಸೂರಿಗೂ ಒಂದು ನಂಟನ್ನು ಬೆಳೆಸಿತೆಂದರೆ ವಾಚಕರಿಗೆ ಆಶ್ಚರ್ಯವಾದೀತು. ೧೯೨೬ರಲ್ಲಿ ಹುಟ್ಟಿದ ಕೆ. ಎಸ್. ಪುಟ್ಟಸ್ವಾಮಿಯವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿಯೂ ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜಿನಲ್ಲಿಯೂ ಓದಿದವರು. ೧೯೫೨ರಲ್ಲಿ ವಕೀಲರಾಗಿ, ೧೯೭೭ರಿಂದ ೧೯೮೬ರವರೆಗೆ ಕರ್ನಾಟಕದ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿ ದುಡಿದು ನಿವೃತ್ತರಾದವರು. ಎಂಬತ್ತು ದಾಟಿದ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಆ ಮೊಕದ್ದಮೆಯಿಂದ ಎದ್ದ ಮೂಲಪ್ರಶ್ನೆಯನ್ನು ಒಂಬತ್ತು ನ್ಯಾಯಾಧೀಶರ ಪೀಠ ವಿಚಾರಿಸಿ, ೨೦೧೭ರ ಆಗಸ್ಟ್ ೨೪ರಂದು, ಖಾಸಗಿತನವು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ೫೪೭ ಪುಟಗಳ ಆ ತೀರ್ಪಿನಲ್ಲಿ ವಾರೆನ್ ಮತ್ತು ಬ್ರಾಂಡೈಸರ ಲೇಖನದ ಚರ್ಚೆಯೂ ಇದೆ. ವಿದ್ಯಾರ್ಥಿಗಳು ತಿದ್ದಿ ಅಚ್ಚು ಹಾಕಿಸಿದ ಕೆಲವು ಪುಟಗಳು ನೂರಿಪ್ಪತ್ತೇಳು ವರ್ಷಗಳ ತರುವಾಯ, ಸಾವಿರಾರು ಮೈಲಿಗಳಾಚೆ, ಮಹಾರಾಜ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬರ ಮೊಕದ್ದಮೆಯಲ್ಲಿ ಸಾಕ್ಷಿ ನುಡಿದಂತಾಯಿತು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ತೀರಿಕೊಂಡರು. ಅವರ ಹೆಸರು ಕಾನೂನು ಓದುವ ಪ್ರತಿಯೊಬ್ಬರ ನಾಲಗೆಯ ಮೇಲೆ ನಿಂತಿದೆ.

ಆದುದರಿಂದ ಇಂಥ ಪತ್ರಿಕೆಯ ಬಾಗಿಲಲ್ಲಿ ಯಾರು ನಿಲ್ಲಬೇಕು, ಯಾವ ಬರಹ ಒಳಗೆ ಬರಬೇಕೆಂದು ತೀರ್ಮಾನಿಸುವವರು ಯಾರಾಗಬೇಕು ಎಂಬುದು ಮಕ್ಕಳಾಟದ ಮಾತಲ್ಲ. ಒಂದು ಕಾಲದಲ್ಲಿ ಹೆಸರೇ ಇಲ್ಲದಿದ್ದ ಹಕ್ಕು ಮುಂದೆ ಹಕ್ಕಾಗುವುದು ಇಂಥ ಪುಟಗಳಲ್ಲಿಯೇ.

ಅಂಕವೋ, ಬರಹವೋ?

ಸಂಪಾದಕರನ್ನು ಆರಿಸುವುದು ಹೇಗೆ? ಹಾರ್ವರ್ಡಿನಲ್ಲಿ ೧೯೭೦ರ ದಶಕದವರೆಗೂ ಬಹುಮಟ್ಟಿಗೆ ಅಂಕಗಳದೇ ರಾಜ್ಯಭಾರ. ತರಗತಿಯಲ್ಲಿ ಮೊದಲಿಗನಾದವನೇ ಪತ್ರಿಕೆಯ ಅಧ್ಯಕ್ಷ. ಮೇಲುನೋಟಕ್ಕೆ ಇದು ನ್ಯಾಯವಾಗಿಯೇ ತೋರುತ್ತದೆ. ಆದರೆ ಮೂರು ಗಂಟೆಯ ಪರೀಕ್ಷೆಯಲ್ಲಿ ನೆನಪಿನಿಂದ ಉತ್ತರ ಬರೆಯುವ ಜಾಣ್ಮೆಯೇ ಬೇರೆ, ಇನ್ನೊಬ್ಬನ ಮೂವತ್ತು ಪುಟದ ಲೇಖನವನ್ನು ಮುಂದಿಟ್ಟುಕೊಂಡು ಅದರ ಹನ್ನೊಂದನೆಯ ಪುಟದ ವಾದ ಇಪ್ಪತ್ತನೆಯ ಪುಟದ ವಾದಕ್ಕೆ ವಿರುದ್ಧವಾಗಿದೆಯೆಂದು ಕಂಡುಹಿಡಿಯುವ ತಾಳ್ಮೆಯೇ ಬೇರೆ. ಮೊದಲನೆಯದು ಉಳ್ಳವರಲ್ಲಿ ಎರಡನೆಯದು ಇದ್ದೇ ಇರಬೇಕೆಂಬ ನಿಯಮವಿಲ್ಲ. ಅದೂ ಅಲ್ಲದೆ ಮೊದಲ ವರ್ಷದಲ್ಲಿ ಹೊಸ ಊರು, ಹೊಸ ಭಾಷೆ, ಹೊಸ ಊಟಗಳಿಗೆ ಹೊಂದಿಕೊಳ್ಳುವುದರಲ್ಲಿಯೇ ಅಂಕ ಕಳೆದುಕೊಂಡ ವಿದ್ಯಾರ್ಥಿಗೆ ಬಾಗಿಲು ಮುಚ್ಚಿಯೇ ಹೋಗುತ್ತಿತ್ತು. ಬರವಣಿಗೆಯ ಸ್ಪರ್ಧೆ ಈ ಕೊರತೆಯನ್ನು ನೀಗಲು ಬಂದುದು. ಇಂದು ಅಲ್ಲಿ ಕೆಲವರು ಸ್ಪರ್ಧೆಯ ಬಲದಿಂದಲೇ, ಕೆಲವರು ಸ್ಪರ್ಧೆಯ ಜೊತೆಗೆ ತರಗತಿಯ ಅಂಕಗಳೂ ಕೂಡಿ ಆಯ್ಕೆಯಾಗುತ್ತಾರೆ. ೧೯೯೦ರಲ್ಲಿ ಆ ಪತ್ರಿಕೆಗೆ ಆಫ್ರಿಕಾ ಮೂಲದ ಮೊದಲ ಅಧ್ಯಕ್ಷನಾದ ಬರಾಕ್ ಒಬಾಮ ಮುಂದೆ ದೇಶಕ್ಕೇ ಅಧ್ಯಕ್ಷನಾದುದನ್ನು ಲೋಕವೆಲ್ಲ ಬಲ್ಲದು.

ಈ ಸ್ಪರ್ಧೆಯ ಏರ್ಪಾಡು ನಮ್ಮವರಿಗೆ ತೀರ ಹೊಸದೇನೂ ಅಲ್ಲ. ಹಿಂದಿನ ಆಸ್ಥಾನಗಳಲ್ಲಿ ಸಮಸ್ಯಾಪೂರ್ತಿ ಎಂಬ ವಿನೋದವಿತ್ತಷ್ಟೆ? ಪದ್ಯದ ಕೊನೆಯ ಸಾಲನ್ನು ಕೊಟ್ಟು ಉಳಿದ ಸಾಲುಗಳನ್ನು ತುಂಬೆನ್ನುವುದು. ಕವಿಯ ಗ್ರಂಥಭಂಡಾರ ದೊಡ್ಡದೋ ಚಿಕ್ಕದೋ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಕೊಟ್ಟ ಸಾಲಿನಿಂದ ಅವನು ಏನನ್ನು ತೆಗೆಯುತ್ತಾನೆಂಬುದೇ ಲೆಕ್ಕ. ಇಲ್ಲಿಯೂ ಹಾಗೆಯೇ. ಸಾಮಾನ್ಯವಾಗಿ ಎಲ್ಲ ಸ್ಪರ್ಧಿಗಳಿಗೂ ಒಂದೇ ಕಟ್ಟು ಕಾಗದಗಳನ್ನು ಕೊಡುತ್ತಾರೆ. ಅದರಲ್ಲಿ ಇತ್ತೀಚಿನದೊಂದು ತೀರ್ಪು, ಅದಕ್ಕೆ ಸಂಬಂಧಿಸಿದ ಹಳೆಯ ತೀರ್ಪುಗಳು, ಶಾಸನದ ಕಲಮುಗಳು, ನಾಲ್ಕಾರು ಲೇಖನಗಳು ಇರುತ್ತವೆ. ಇವುಗಳ ಹೊರಗಿನಿಂದ ಏನನ್ನೂ ತರುವಂತಿಲ್ಲ. ಕೆಲವು ದಿನಗಳ ಗಡುವಿನೊಳಗೆ ಆ ತೀರ್ಪಿನ ಮೇಲೊಂದು ಟಿಪ್ಪಣಿ ಬರೆಯಬೇಕು. ಜೊತೆಗೆ ಬೇಕೆಂದೇ ತಪ್ಪುಗಳನ್ನು ಹುದುಗಿಸಿಟ್ಟ ಲೇಖನದ ತುಣುಕೊಂದನ್ನು ತಿದ್ದಬೇಕು. ಹೊರಗಿನ ಗ್ರಂಥಗಳು ಬೇಡವೆಂದ ಮೇಲೆ ತಂದೆಯ ಕಚೇರಿಯಲ್ಲಿ ಕಪಾಟು ತುಂಬ ಕಾನೂನು ವರದಿಗಳಿರುವ ವಿದ್ಯಾರ್ಥಿಯೂ, ಮನೆತನದಲ್ಲಿಯೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ವಿದ್ಯಾರ್ಥಿನಿಯೂ ಒಂದೇ ಪಂಕ್ತಿಯಲ್ಲಿ ಕುಳಿತಂತಾಯಿತು.

ಇನ್ನೂ ಮುಖ್ಯವಾದ ಮಾತೊಂದಿದೆ. ಉತ್ತರಪತ್ರಿಕೆಯ ಮೇಲೆ ಹೆಸರಿರುವುದಿಲ್ಲ, ಬರಿಯ ಸಂಖ್ಯೆ. ನಮ್ಮ ನಾಡಿನಲ್ಲಿ ಹೆಸರೆಂಬುದು ಎಷ್ಟೊಂದು ಸುದ್ದಿಯನ್ನು ಹೊತ್ತು ತರುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಹೆಸರನ್ನು ಕೇಳಿದೊಡನೆ ಊರು, ಜಾತಿ, ಮತ, ಮನೆತನಗಳ ಲೆಕ್ಕ ಮನಸ್ಸಿನಲ್ಲಿ ತಾನೇ ಕೂಡಿಕೊಳ್ಳುತ್ತದೆ. ಸಂಖ್ಯೆಗೆ ಜಾತಿಯಿಲ್ಲ. ಮೂವತ್ತೇಳನೆಯ ಸಂಖ್ಯೆಯ ಬರಹ ಚೆನ್ನಾಗಿದ್ದರೆ ಚೆನ್ನಾಗಿದೆ, ಇಲ್ಲದಿದ್ದರೆ ಇಲ್ಲ. ಈ ಒಂದು ಕಾರಣಕ್ಕಾದರೂ ಇದು ನಾವು ಕಲಿಯಬೇಕಾದ ಪದ್ಧತಿ.

ಗೆದ್ದ ಮೇಲಿನ ದುಡಿಮೆ

ಗೆದ್ದ ವಿದ್ಯಾರ್ಥಿಗೆ ದೊರೆಯುವ ಬಹುಮಾನ ಅಡಿಟಿಪ್ಪಣಿಗಳ ರಾಶಿ. ಲೇಖಕನು ಹೇಳಿದ ಪ್ರತಿಯೊಂದು ಮಾತಿಗೂ ಆಧಾರ ಬೇಕು. ಕೊಟ್ಟ ಪ್ರತಿಯೊಂದು ಆಧಾರವನ್ನೂ ಮೂಲಗ್ರಂಥ ತೆರೆದು ನೋಡಬೇಕು. ವರ್ಷ ಸರಿಯೆ, ಪುಟ ಸರಿಯೆ, ಉದ್ಧರಿಸಿದ ಮಾತಿನಲ್ಲಿ ಒಂದು ಶಬ್ದ ಬಿಟ್ಟುಹೋಗಿದೆಯೆ, ಎಲ್ಲಕ್ಕಿಂತ ಮಿಗಿಲಾಗಿ ಆ ಗ್ರಂಥ ನಿಜವಾಗಿ ಹಾಗೆ ಹೇಳುತ್ತದೆಯೆ? ಅಮೆರಿಕದ ವಿದ್ಯಾರ್ಥಿ ಸಂಪಾದಕರು ಆಧಾರ ಕೊಡುವ ಕ್ರಮಕ್ಕೆಂದೇ ೧೯೨೬ರಲ್ಲಿ ಒಂದು ಚಿಕ್ಕ ಕೈಪಿಡಿ ಮಾಡಿಕೊಂಡರು. ‘ಬ್ಲೂಬುಕ್’ ಎಂದು ಹೆಸರಾದ ಆ ಇಪ್ಪತ್ತಾರು ಪುಟದ ಪುಸ್ತಿಕೆ ಬೆಳೆದು ಬೆಳೆದು ಒಂದು ಹಂತದಲ್ಲಿ ಐನೂರು ಪುಟಗಳನ್ನು ಮೀರಿತ್ತು. ಕಾನೂನು ಬೆಳೆಯುವ ವೇಗಕ್ಕಿಂತ ಕಾನೂನನ್ನು ಹೆಸರಿಸುವ ನಿಯಮಗಳು ಬೆಳೆಯುವ ವೇಗ ಹೆಚ್ಚೆಂದು ತೋರುತ್ತದೆ!

ಇದೆಲ್ಲ ಬರಿಯ ಚಿಲ್ಲರೆ ಕೆಲಸವೆಂದು ಮೂಗು ಮುರಿಯುವವರಿಗೆ ಒಂದು ಉದಾಹರಣೆ ಸಾಕು. ಪೊಲೀಸರು ರಾತ್ರಿಯ ಹೊತ್ತು ಒಬ್ಬನ ಮನೆಯ ಬಾಗಿಲು ತಟ್ಟಿ ಅವನಿದ್ದಾನೆಯೇ ಎಂದು ನೋಡಬಹುದೆ ಎಂಬ ಪ್ರಶ್ನೆ ಉತ್ತರಪ್ರದೇಶದ ಖಡಕ್ ಸಿಂಗನ ಮೊಕದ್ದಮೆಯಲ್ಲಿ ಎದ್ದಿತ್ತು. ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟದ್ದು ೧೯೬೨ರ ಡಿಸೆಂಬರಿನಲ್ಲಿ. ಅದು ಕಾನೂನು ವರದಿಯಲ್ಲಿ ಅಚ್ಚಾದದ್ದು ೧೯೬೩ರ ಸಂಪುಟದಲ್ಲಿ. ಅಡಿಟಿಪ್ಪಣಿಯಲ್ಲಿ ೧೯೬೩ ಎಂದೇ ಬರೆಯಬೇಕು. ಆದರೆ ಲೇಖಕನು ಅದನ್ನು ನೋಡಿಕೊಂಡು ‘೧೯೬೩ರಲ್ಲಿ ನ್ಯಾಯಾಲಯ ಹೇಳಿತು’ ಎಂದು ಮೇಲಿನ ಬರಹದಲ್ಲಿ ಬರೆದರೆ ತಪ್ಪು. ಅಷ್ಟೇ ಅಲ್ಲ, ಆ ತೀರ್ಪು ರಾತ್ರಿಯ ಭೇಟಿಯನ್ನು ತಳ್ಳಿಹಾಕಿತು, ಖಾಸಗಿತನವೆಂಬ ಹಕ್ಕನ್ನು ಮಾತ್ರ ಒಪ್ಪಲಿಲ್ಲ. ಆ ಎರಡನೆಯ ಭಾಗವನ್ನು ೨೦೧೭ರ ತೀರ್ಪು ಅಳಿಸಿಹಾಕಿತು. ತೀರ್ಪನ್ನು ಓದದೆ ಅದರ ಹೆಸರನ್ನು ಮಾತ್ರ ಅವರಿವರಿಂದ ಎತ್ತಿಕೊಂಡವನು ಎರಡರಲ್ಲೊಂದು ತಪ್ಪು ಮಾಡಿಯೇ ತೀರುತ್ತಾನೆ. ಅದನ್ನು ಹಿಡಿಯುವವನು ಮೂಲವನ್ನು ತೆರೆದು ನೋಡಿದ ವಿದ್ಯಾರ್ಥಿ. ಒಂದು ವರ್ಷ ಈ ದುಡಿಮೆ ಮಾಡಿದವನು ಮುಂದೆ ವಕೀಲನಾಗಲಿ, ಅಧ್ಯಾಪಕನಾಗಲಿ, ಓದದ ಪುಸ್ತಕದ ಹೆಸರನ್ನು ಹೇಳಲು ನಾಚುತ್ತಾನೆ. ವಿದ್ಯೆಯೆಂದರೆ ಬಹುಪಾಲು ಈ ನಾಚಿಕೆಯೇ ಅಲ್ಲವೆ?

ವಿದ್ಯಾರ್ಥಿಗಳ ಸಂಪಾದಕತ್ವವನ್ನು ಟೀಕಿಸುವವರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಹುಡುಗರಿಗೆ ಹೊಸ ವಿಚಾರದ ಬೆಲೆ ತಿಳಿಯುವುದು ಕಷ್ಟ. ದೊಡ್ಡ ಹೆಸರಿನ ಲೇಖಕರಿಗೆ ಮಣಿಯುತ್ತಾರೆ. ಸರಳವಾಗಿದ್ದ ವಾಕ್ಯಕ್ಕೆ ಅಡಿಟಿಪ್ಪಣಿಗಳ ಹೊರೆ ಹೊರಿಸುತ್ತಾರೆ. ೧೯೩೬ರಲ್ಲಿಯೇ ಯೇಲ್ ವಿಶ್ವವಿದ್ಯಾನಿಲಯದ ಅಧ್ಯಾಪಕ ಫ್ರೆಡ್ ರೋಡೆಲ್ ಎಂಬವನು ಇಂಥ ಪತ್ರಿಕೆಗಳ ಜಡ ಶೈಲಿಯನ್ನು ಹಳಿದು, ಅವುಗಳಿಗೆ ವಿದಾಯ ಹೇಳುವ ಲೇಖನ ಬರೆದನು. ಸ್ವಾರಸ್ಯವೆಂದರೆ ಅದು ಅಚ್ಚಾದದ್ದು ವರ್ಜೀನಿಯಾದ ಕಾನೂನು ಪತ್ರಿಕೆಯಲ್ಲಿ. ಅದರ ಸಂಪಾದಕರೂ ವಿದ್ಯಾರ್ಥಿಗಳೇ! ತಮ್ಮನ್ನು ಹಳಿಯುವ ಲೇಖನವನ್ನು ತಾವೇ ತಿದ್ದಿ ಪ್ರಕಟಿಸುವ ಸಂಪಾದಕರಲ್ಲಿ ಏನೋ ಒಂದು ಒಳ್ಳೆಯದು ಇರಲೇಬೇಕು.

ನಮ್ಮಲ್ಲಿ

ನಮ್ಮ ನಾಡಿನಲ್ಲಿ ಈ ಪದ್ಧತಿಗೆ ನೆಲೆ ದೊರೆತದ್ದು ಬೆಂಗಳೂರಿನ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ. ಎನ್. ಆರ್. ಮಾಧವ ಮೆನನ್ನರ ನೇತೃತ್ವದಲ್ಲಿ ೧೯೮೮ರಲ್ಲಿ ಅಲ್ಲಿ ಮೊದಲ ತಂಡದ ಪಾಠ ಆರಂಭವಾಯಿತು. ಹಿಂದೆ ‘ಸ್ಟೂಡೆಂಟ್ ಬಾರ್ ರಿವ್ಯೂ’ ಎಂಬ ಹೆಸರಿನಿಂದ ಹೊರಡುತ್ತಿದ್ದ ಅಲ್ಲಿನ ಪತ್ರಿಕೆ ಇಂದು ‘ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ರಿವ್ಯೂ’ ಆಗಿದೆ. ಅದೇ ಶಾಲೆಯ ವಿದ್ಯಾರ್ಥಿಗಳು ೨೦೦೫ರಲ್ಲಿ ಕಾನೂನು ಮತ್ತು ತಂತ್ರಜ್ಞಾನಗಳಿಗೆಂದು ಮತ್ತೊಂದು ಪತ್ರಿಕೆ ಆರಂಭಿಸಿದರು. ೨೦೦೮ರಲ್ಲಿ ಕೋಲ್ಕತ್ತದ ವಿದ್ಯಾರ್ಥಿಗಳು ತಮ್ಮದೊಂದನ್ನು ತಂದರು. ತಿದ್ದುವ ಪರೀಕ್ಷೆ, ಟಿಪ್ಪಣಿ ಬರೆಯುವ ಪರೀಕ್ಷೆ ಎಂಬಿವು ಈಗ ದೇಶದ ಅನೇಕ ಕಾನೂನು ಶಾಲೆಗಳ ವಿದ್ಯಾರ್ಥಿಗಳಿಗೆ ಪರಿಚಿತವಾದ ಮಾತುಗಳು.

ಮೈಸೂರಿಗೂ ಕಾನೂನು ವಿದ್ಯೆಗೂ ಹಳೆಯ ನಂಟು. ಈ ಊರಿನಲ್ಲಿ ಕಾನೂನು ಕಾಲೇಜುಗಳಿಲ್ಲದ ಕಾಲದಲ್ಲಿ ಇಲ್ಲಿನ ಹುಡುಗರು ಮದರಾಸಿಗೆ ಹೋಗಿ ಬಿ. ಎಲ್. ಮುಗಿಸಿ ಬರುತ್ತಿದ್ದರು, ಬಿ. ಎಂ. ಶ್ರೀಕಂಠಯ್ಯನವರು ಹಾಗೆ ಕಾನೂನು ಓದಿದವರಲ್ಲೊಬ್ಬರು. ಈಗ ಶಾರದಾವಿಲಾಸ, ವಿದ್ಯಾವರ್ಧಕ, ಜೆ. ಎಸ್. ಎಸ್. ಕಾನೂನು ಕಾಲೇಜುಗಳಿವೆ, ಮಾನಸಗಂಗೋತ್ರಿಯಲ್ಲಿ ಕಾನೂನಿನ ಅಧ್ಯಯನ ವಿಭಾಗವಿದೆ. ಚಾಮರಾಜನಗರ, ಮಂಡ್ಯ, ಕೊಡಗು, ಹಾಸನಗಳ ಹಳ್ಳಿಗಳಿಂದ ವಿದ್ಯಾರ್ಥಿಗಳು ಬಂದು ಓದುತ್ತಾರೆ. ಇವರಲ್ಲಿ ಬುದ್ಧಿಯ ಬಡತನವಿಲ್ಲ. ಆದರೂ ಇಂಥ ಸ್ಪರ್ಧೆ ಎದುರಾದಾಗ ಅವರಲ್ಲಿ ಎಷ್ಟೋ ಮಂದಿ ಹಿಂಜರಿಯುತ್ತಾರೆ. ಕಾರಣ ಗುಟ್ಟಿನದಲ್ಲ. ಸ್ಪರ್ಧೆಗೆ ಪ್ರವೇಶಶುಲ್ಕವಿಲ್ಲವೆಂದು ಹೇಳಿದರೂ ಕಾಣದ ಶುಲ್ಕವೊಂದಿದೆ. ತೀರ್ಪಿನ ಟಿಪ್ಪಣಿಯೆಂದರೇನು, ಅದು ಎಲ್ಲಿಂದ ಆರಂಭವಾಗಿ ಎಲ್ಲಿ ಮುಗಿಯಬೇಕು ಎಂಬುದನ್ನು ಯಾರೋ ಒಬ್ಬರು ಮೊದಲೇ ಹೇಳಿಕೊಟ್ಟಿರಬೇಕು. ಅಣ್ಣನೋ ಅಕ್ಕನೋ ಹಿಂದೆ ಅಂಥ ಶಾಲೆಯಲ್ಲಿ ಓದಿದ್ದರೆ ಆ ವಿದ್ಯೆ ಮನೆಯಲ್ಲಿಯೇ ಸಿಕ್ಕೀತು. ಸಿಕ್ಕದವರಿಗೆ ಕಾಗದದ ಕಟ್ಟು ಕಾಡಿನಂತೆ ಕಾಣುತ್ತದೆ.

ಆ ವಿದ್ಯೆಯೇನೂ ಬ್ರಹ್ಮವಿದ್ಯೆಯಲ್ಲ. ಮೊದಲ ದಿನ ಬರೆಯಲು ಕೂರದೆ ಕಟ್ಟನ್ನೆಲ್ಲ ಒಮ್ಮೆ ಓದಬೇಕು. ತೀರ್ಪಿನಲ್ಲಿ ಹತ್ತು ಪ್ರಶ್ನೆಗಳಿದ್ದರೆ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು, ಅದೂ ಆದಷ್ಟು ಚಿಕ್ಕದನ್ನು. ಮೊಕದ್ದಮೆಯ ಸಂಗತಿಗಳನ್ನು ನಾಲ್ಕಾರು ವಾಕ್ಯಗಳಲ್ಲಿ ಮುಗಿಸಬೇಕು. ನ್ಯಾಯಾಲಯ ಏನು ಹೇಳಿತು, ಯಾವ ಕಾರಣದಿಂದ ಹೇಳಿತು ಎಂಬೆರಡನ್ನು ಬೇರೆ ಬೇರೆಯಾಗಿ ಕಾಣಿಸಬೇಕು. ಆಮೇಲೆ ತನ್ನ ಮಾತು. ತನ್ನ ಮಾತಿಗೆ ಎದುರಾಳಿ ಹೇಳಬಹುದಾದ ಅತ್ಯಂತ ಬಲವಾದ ಉತ್ತರವನ್ನು ತಾನೇ ಎತ್ತಿ ಅದಕ್ಕೆ ಸಮಾಧಾನ ಹೇಳಬೇಕು. ಕೊನೆಯ ದಿನವನ್ನು ಬರೆಯುವುದಕ್ಕಲ್ಲ, ಅಳಿಸುವುದಕ್ಕೆ ಮೀಸಲಿಡಬೇಕು. ಅಧ್ಯಾಪಕರು ಮನಸ್ಸು ಮಾಡಿದರೆ ಇದನ್ನು ಒಂದು ತಿಂಗಳ ಸಂಜೆಗಳಲ್ಲಿ ಕಲಿಸಬಹುದು.

ವಿಜ್ಞಾನೇಶ್ವರನ ಹಾದಿ

ತೀರ್ಪಿನ ಮೇಲೆ, ಶಾಸನದ ಮೇಲೆ ಟಿಪ್ಪಣಿ ಬರೆಯುವುದು ಪರದೇಶದ ವಿದ್ಯೆಯೆಂದು ಕನ್ನಡಿಗರು ಭಾವಿಸಬೇಕಾಗಿಲ್ಲ. ಈ ಮಾರ್ಗದ ಮಹಾಪುರುಷನೊಬ್ಬ ನಮ್ಮವನೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದನು. ಹೆಸರೇ ಹೇಳುವಂತೆ ಅಳೆದು ತೂಗಿ ಇಟ್ಟ ಅಕ್ಷರಗಳು. ಮೂಲದ ಮಾತನ್ನು ಮುಂದಿಟ್ಟುಕೊಂಡು, ವಿರುದ್ಧವಾಗಿ ಕಾಣುವ ವಚನಗಳನ್ನು ಹೊಂದಿಸಿ, ಎದುರುಪಕ್ಷವನ್ನು ಎತ್ತಿ ಉತ್ತರಿಸಿ ಅವನು ಮಾಡಿದ ಕೆಲಸವೂ ಇಂದಿನ ವಿದ್ಯಾರ್ಥಿ ಮಾಡಬೇಕಾದ ಕೆಲಸವೂ ಜಾತಿಯಲ್ಲಿ ಒಂದೇ. ಬಂಗಾಳವೊಂದನ್ನು ಬಿಟ್ಟು ಭರತಖಂಡದ ಹೆಚ್ಚಿನ ಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿಯ ಹಂಚಿಕೆ ಶತಮಾನಗಳವರೆಗೆ ಅವನ ಮಾತಿನಂತೆ ನಡೆಯಿತು.

ಆ ಎಳೆಯನ್ನೇ ಹಿಡಿದು ಮೈಸೂರಿನ ವಿದ್ಯಾರ್ಥಿನಿಯೊಬ್ಬಳು ಟಿಪ್ಪಣಿ ಬರೆಯಲು ಹೊರಟಳೆನ್ನೋಣ. ಮಗಳಿಗೆ ಕೂಡುಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಬರುತ್ತದೆ, ೨೦೦೫ರಲ್ಲಿ ತಿದ್ದುಪಡಿ ಜಾರಿಗೆ ಬಂದಾಗ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ೨೦೨೦ರ ಆಗಸ್ಟಿನಲ್ಲಿ ತೀರ್ಮಾನಿಸಿತು. ಹೊರಗಿನವರು ೨೦೦೫ರಿಂದ ಕಥೆ ಆರಂಭಿಸಿಯಾರು. ಇವಳು ಹಾಗೆ ಮಾಡಬೇಕಾಗಿಲ್ಲ. ಮೈಸೂರು ಸಂಸ್ಥಾನ ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ಮಾಡಿ, ಪಾಲಿನ ಸಮಯದಲ್ಲಿ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಭಾಗ ಕೊಟ್ಟಿತ್ತು. ಕರ್ನಾಟಕ ೧೯೯೪ರಲ್ಲಿ ಮಗಳನ್ನು ಮಗನಂತೆಯೇ ಹಕ್ಕುದಾರಳನ್ನಾಗಿ ಮಾಡಿತು. ಆದರೆ ಆ ಶಾಸನಕ್ಕೆ ಮುಂಚೆಯೇ ಮದುವೆಯಾದವಳನ್ನು ಹೊರಗಿಟ್ಟಿತು. ಅಂದರೆ ಒಂದೇ ಮನೆಯ ಇಬ್ಬರು ಅಕ್ಕತಂಗಿಯರಲ್ಲಿ ಒಬ್ಬಳು ಒಳಗೆ, ಒಬ್ಬಳು ಹೊರಗೆ! ೧೯೯೪ರ ಆ ಗೆರೆ ೨೦೦೫ರಲ್ಲಿ ಅಳಿಸಿತು. ಈ ಸಂಗತಿ ಗ್ರಂಥಾಲಯದಲ್ಲಿ ಮಾತ್ರವಲ್ಲ, ಅವಳ ಊರಿನ ಜಗಲಿಯ ಮೇಲೆಯೂ ಸಿಕ್ಕುತ್ತದೆ. ಅವಳ ದೊಡ್ಡಮ್ಮ, ಚಿಕ್ಕಮ್ಮಂದಿರು ಆ ಗೆರೆಯ ಆಚೆ ಈಚೆ ನಿಂತವರೇ ಇರಬಹುದು. ಕಟ್ಟಿನಲ್ಲಿ ಇಲ್ಲದುದನ್ನು ಸ್ಪರ್ಧೆಯಲ್ಲಿ ಬರೆಯುವಂತಿಲ್ಲ, ನಿಜ. ಆದರೆ ಏನನ್ನು ಕೇಳಬೇಕೆಂಬ ಪ್ರಶ್ನೆ ಹುಟ್ಟುವುದು ಬದುಕಿನಿಂದ. ಸ್ಪರ್ಧೆಯನ್ನು ದಾಟಿ ಸಂಪಾದಕಿಯಾದ ಮೇಲೆ ಅವಳು ಬರೆಯುವ ಲೇಖನ, ಬೇರೆಯವರ ಲೇಖನದಲ್ಲಿ ಅವಳು ಎತ್ತುವ ಪ್ರಶ್ನೆ, ಈ ಅರಿವಿನಿಂದಲೇ ಹೊರಡಬೇಕು.

ಕನ್ನಡದಲ್ಲೊಂದು ಬಾಗಿಲು

ಇಲ್ಲಿ ಭಾಷೆಯ ಪ್ರಶ್ನೆ ಏಳುತ್ತದೆ. ಸಂವಿಧಾನದ ೩೪೮ನೆಯ ಅನುಚ್ಛೇದದಂತೆ ಸರ್ವೋಚ್ಚ ನ್ಯಾಯಾಲಯದ ಮತ್ತು ಉಚ್ಚ ನ್ಯಾಯಾಲಯಗಳ ವ್ಯವಹಾರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ನಾವು ಹೆಸರಿಸಿದ ಪತ್ರಿಕೆಗಳೂ ಇಂಗ್ಲಿಷಿನವೇ. ಆದುದರಿಂದ ನಮ್ಮ ವಿದ್ಯಾರ್ಥಿಗಳು ಇಂಗ್ಲಿಷನ್ನು ಚೆನ್ನಾಗಿ ಕಲಿಯಲೇಬೇಕು. ಆದರೆ ತಾಲ್ಲೂಕಿನ ನ್ಯಾಯಾಲಯದಲ್ಲಿ ನಿಂತು ಸಾಕ್ಷಿ ಹೇಳುವ ರೈತನಿಗೆ ಕಾನೂನು ಕನ್ನಡದಲ್ಲಿಯೇ ತಟ್ಟುತ್ತದೆ. ಅವನ ಕ್ರಯಪತ್ರ, ಪಹಣಿ, ಜಾಮೀನು, ಪಂಚನಾಮೆ ಎಲ್ಲವೂ ಕನ್ನಡದಲ್ಲಿವೆ. ಅವನ ಬದುಕನ್ನು ತಿರುಗಿಸುವ ತೀರ್ಪು ಸರಿಯೇ ತಪ್ಪೇ ಎಂಬ ಚರ್ಚೆ ಮಾತ್ರ ಅವನಿಗೆ ತಿಳಿಯದ ನುಡಿಯಲ್ಲಿ ನಡೆಯುತ್ತದೆ.

ಕನ್ನಡದಲ್ಲಿ ಕಾನೂನಿನ ಪರಿಭಾಷೆಯಿಲ್ಲವೆಂದು ಹೇಳುವವರು ನ್ಯಾಯಾಲಯದ ಅಂಗಳದಲ್ಲಿ ಒಂದು ದಿನ ನಿಂತು ಕೇಳಬೇಕು. ದಾವೆ, ತಕರಾರು, ತಗಾದೆ, ವಕಾಲತ್ತು, ವಾಯಿದೆ, ಜಪ್ತಿ, ಅಡಮಾನ, ಭೋಗ್ಯ, ಮೃತ್ಯುಪತ್ರ: ಇವನ್ನು ಯಾವ ಸಮಿತಿಯೂ ಕೂತು ರಚಿಸಲಿಲ್ಲ. ಪಾರಸಿ, ಸಂಸ್ಕೃತ, ಅಚ್ಚಗನ್ನಡ ಮೂರೂ ಕೂಡಿ ಜನರ ಬಾಯಲ್ಲಿ ಬೆಳೆದವು. ರಾಜ್ಯಭಾಷಾ ಶಾಸನ ೧೯೬೩ರಲ್ಲಿ ಬಂದಿತು. ೨೦೨೪ರ ಡಿಸೆಂಬರಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯದ ಪೀಠವೊಂದು ಕನ್ನಡದಲ್ಲಿಯೂ ತೀರ್ಪು ನುಡಿಯಿತು. ದಾರಿ ಇದೆ; ನಡೆಯುವವರು ಬೇಕು.

ಆ ದಾರಿಯಲ್ಲಿ ವಿದ್ಯಾರ್ಥಿಗಳು ಮೊದಲು ನಡೆದರೆ ಅದು ಕನ್ನಡದ ಪರಂಪರೆಗೆ ತಕ್ಕದ್ದೇ ಆಗುತ್ತದೆ. ೧೯೧೯ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಹುಟ್ಟಿದ್ದು ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ, ಎ. ಆರ್. ಕೃಷ್ಣಶಾಸ್ತ್ರಿಗಳ ದುಡಿಮೆಯಿಂದ. ಕಾಲೇಜಿನ ಸಂಘವೊಂದರ ಪತ್ರಿಕೆ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಾಗಿ ನಾಡಿನ ವಿದ್ವತ್ತಿಗೆ ವೇದಿಕೆಯಾಯಿತು. ಅಂದು ಸಾಹಿತ್ಯಕ್ಕಾದುದು ಇಂದು ಕಾನೂನಿಗೆ ಏಕಾಗಬಾರದು? ಮೈಸೂರಿನ ಕಾನೂನು ಕಾಲೇಜುಗಳ ವಿದ್ಯಾರ್ಥಿಗಳು ಕೂಡಿ ಕನ್ನಡದಲ್ಲೊಂದು ನ್ಯಾಯಪತ್ರಿಕೆಯನ್ನು ನಡೆಸಲಿ. ಅದಕ್ಕೆ ಸೇರಲು ಬರವಣಿಗೆಯ ಸ್ಪರ್ಧೆಯಿರಲಿ. ಎಲ್ಲರಿಗೂ ಒಂದೇ ಕಟ್ಟು. ಹೆಸರಿಲ್ಲ, ಸಂಖ್ಯೆ ಮಾತ್ರ. ಸೋತವರಿಗೆ ಏಕೆ ಸೋತರೆಂದು ನಾಲ್ಕು ಸಾಲು ಬರೆದು ತಿಳಿಸುವ ಸೌಜನ್ಯವಿರಲಿ, ಮರುವರ್ಷ ಅವರು ಗೆಲ್ಲಲು ಅದೇ ಪಾಠ. ಅಧ್ಯಾಪಕರು ಕೇಳಿದಾಗ ಸಲಹೆ ಕೊಟ್ಟು, ಕೇಳದಿದ್ದಾಗ ಸುಮ್ಮನಿರುವ ಸಂಯಮ ತೋರಲಿ. ಗುರುಗಳಿಗೆ ಇದು ಸ್ಪರ್ಧೆಗಿಂತ ಕಠಿಣವಾದ ಪರೀಕ್ಷೆಯಾದೀತು!

ಮೊದಲ ಸಂಚಿಕೆಯಲ್ಲಿ ತಪ್ಪುಗಳಿರುತ್ತವೆ. ಓದುವವರು ನೂರು ಮಂದಿಯೂ ಇರಲಾರರು. ೧೮೮೭ರ ವಿದ್ಯಾರ್ಥಿಗಳಿಗೂ ತಮ್ಮ ಪುಟಗಳು ಯಾವ ದೇಶದ ಯಾವ ನ್ಯಾಯಾಲಯವನ್ನು ಮುಟ್ಟುವುವೆಂದು ತಿಳಿದಿರಲಿಲ್ಲ. ಮೂಲವನ್ನು ತೆರೆದು ನೋಡಿ, ತಪ್ಪಿದ್ದರೆ ತಿದ್ದಿ, ಸರಿಯಿದ್ದರೆ ಅಚ್ಚಿಗೆ ಕಳಿಸುವುದಷ್ಟೇ ಅವರ ಕೈಯಲ್ಲಿದ್ದುದು. ಕೃಷ್ಣರಾಜ ಬುಲೆವಾರ್ಡಿನ ಮರಗಳ ಕೆಳಗೆ ನ್ಯಾಯಾಲಯವೂ ಇದೆ, ಮಹಾರಾಜ ಕಾಲೇಜೂ ಇದೆ. ನಡುವಿನ ದೂರವನ್ನು ನಡೆದೇ ಮುಗಿಸಬಹುದು. ಆ ಎರಡರ ನಡುವೆ ಒಂದು ಪತ್ರಿಕೆಗೆ ಜಾಗವಿದೆ. ಬರೆಯಬಲ್ಲ ಕೈಗಳೂ ಈ ಊರಿನಲ್ಲಿವೆ. ಅವುಗಳ ಮುಂದೆ ಒಂದು ಕಟ್ಟು ಕಾಗದವನ್ನಿಟ್ಟು, ಹೆಸರು ಕೇಳದೆ, ಬರೆಯಿರೆಂದು ಹೇಳುವವರು ಬೇಕಾಗಿದ್ದಾರೆ.